ಎಡಿಎಚ್‌ಡಿ ಇರೋ ಮಕ್ಕಳ ತೂಕ: ಮೇಡಂಗೆ ಕೇಳಿ

ಅಡ್ಮಿನ್: ಎಡಿಎಚ್‌ಡಿ ಅಂದ್ರೆ ಗಮನ ನಿಲ್ಲದ, ಸುಮ್ನೆ ಕೂರೋಕಾಗದ, ಯೋಚಿಸೋ ಮುಂಚೆ ಮಾಡಿಬಿಡೋ ತೊಂದರೆ. ಮೇಡಂ ಮಕ್ಕಳ ಮನಃಶಾಸ್ತ್ರಜ್ಞೆ, ಅಪ್ಪ ಅಮ್ಮಂದಿರಿಗೆ ಬಿಹೇವಿಯರ್ ಥೆರಪಿ, ಅಂದ್ರೆ ಮಗುವಿನ ನಡವಳಿಕೆ ತಿದ್ದೋ ವಿಧಾನ, ಹೇಳ್ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಮಳೆಬಿಲ್ಲು: ನಮಸ್ತೆ ಮೇಡಂ. ತೊಂದರೆ ಇರೋದು ಮಗಳಿಗೆ, 8 ವರ್ಷ. ಆದ್ರೆ ಥೆರಪಿಗೆ ನಮ್ಮನ್ನ ಕರೀತಾರೆ, ಯಾಕೆ?

ಮೇಡಂ: ಸಾಮಾನು ತರೋದು, ಬಡಿಸೋದು, ಟಿವಿ ಆಫ್ ಮಾಡೋದು ಯಾವ್ದೂ ಅವಳ ಕೈಲಿಲ್ಲ, ಅದಕ್ಕೆ. ಈಗ ಬಿಟ್ರೆ ಮುಂದೆ ಒಳ್ಳೇದು ಅನ್ನೋ ಲೆಕ್ಕ ಈ ಮಕ್ಕಳಿಗೆ ತುಂಬಾ ಕಷ್ಟ, ಕಣ್ಣಿಗೆ ಬಿದ್ದಿದ್ದು ಬಾಯಿಗೆ ಹೋಗತ್ತೆ. ಹೇಳಿದ ಮಾತು ಕೇಳಿದ ತಕ್ಷಣ ಹೊಗಳಿ, ಸ್ಟಾರ್ ಹಾಕಿ. ಪರೀಕ್ಷೆ ಮುಗಿದ ಮೇಲೆ ಸೈಕಲ್ ಅಂದ್ರೆ ಅವಳ ಪಾಲಿಗೆ ಅದು ಇಲ್ಲದ್ದೇ. ಬಹುಮಾನಕ್ಕೆ ತಿಂಡಿ ಅಂತೂ ಕೊಡ್ಲೇಬೇಡಿ.

ಸುಮ್ನೆ ಓದೋನು: ಒಂದು ನಿಮಿಷ ಕೂರದ ಮಗು ದಪ್ಪ ಆಗೋದಾದ್ರೂ ಹೇಗೆ? ನಂಗೆ ನಂಬಿಕೆ ಇಲ್ಲ.

ಮೇಡಂ: 2016ರ, ಹಲವು ಅಧ್ಯಯನ ಒಟ್ಟಿಗೆ ಸೇರಿಸಿ ನೋಡಿದ ಮೆಟಾ ಅನಾಲಿಸಿಸ್‌ನಲ್ಲಿ ಎಡಿಎಚ್‌ಡಿ ಇರೋ ಮಕ್ಕಳಲ್ಲಿ ಬೊಜ್ಜು ಇರೋರು ಬೇರೆ ಮಕ್ಕಳಿಗಿಂತ ಸುಮಾರು 40% ಜಾಸ್ತಿ ಕಂಡಿದಾರೆ. ಕಾರಣಗಳು: ಯೋಚಿಸದೆ ತಿನ್ನೋದು, ನಿದ್ದೆ ಕೆಡೋದು, ಸ್ಕ್ರೀನ್.

ಓಡೋ ಅಪ್ಪ: ಮೇಡಂ ಈಜು ಒಳ್ಳೇದಾ ಫುಟ್‌ಬಾಲಾ?

ಹೆಸರು ಬೇಡ: ಮಗನಿಗೆ 10. ಬೆಳಿಗ್ಗೆ ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೆ, ಸ್ಕೂಲಿಂದ ಊಟದ ಡಬ್ಬಿ ಹಾಗೇ ವಾಪಸ್ ಬರತ್ತೆ, ಸಂಜೆ ಆದ್ರೆ ನಿಲ್ಲಿಸೋದೇ ಇಲ್ಲ, ರಾತ್ರಿ ಎದ್ದು ಕದ್ದು ತಿಂತಾನೆ, ದಿಂಬಿನ ಕೆಳಗೆ ಬಿಸ್ಕೆಟ್ ಕವರ್ ಸಿಕ್ತು. ಇವ್ರು ಅಡುಗೆಮನೆಗೆ ಬೀಗ ಹಾಕಿ ಎಲ್ರ ಮುಂದೆ ಕಳ್ಳ ಅಂತಾರೆ. ತಂಗಿ ಸಣ್ಣಗಿದಾಳೆ ಅಂತ ಅವಳಿಗೆ ಚಿಪ್ಸ್ ಕೊಡ್ತೀವಿ, ಅದಕ್ಕೂ ದಿನಾ ಜಗಳ. ಮಾತ್ರೆ ನಿಲ್ಲಿಸ್ಲಾ?

ಮೇಡಂ: ನೀವಾಗಿ ನಿಲ್ಲಿಸ್ಬೇಡಿ. ಮಾತ್ರೆ ಹಗಲು ಹಸಿವು ಮುಚ್ಚಿಡತ್ತೆ, ಸಂಜೆ ಅದರ ಪವರ್ ಇಳಿದಾಗ ಇಡೀ ದಿನದ ಹಸಿವು ಒಟ್ಟಿಗೆ ಬರತ್ತೆ, ಅದನ್ನ ಕಳ್ಳತನ ಅನ್ಬೇಡಿ. ಮಾತ್ರೆಗೆ ಮುಂಚೆ ಹೊಟ್ಟೆ ತುಂಬಾ ತಿಂಡಿ ಕೊಡಿ, ಮನೆಗೆ ಬಂದ ತಕ್ಷಣ, ಅವನು ಹುಡುಕೋಕೆ ಶುರು ಮಾಡೋ ಮುಂಚೆ, ಟೇಬಲ್ ಮೇಲೆ ತಟ್ಟೇಲಿ ಹಾಕಿ ಕೊಡಿ, ಟಿವಿ ಇಲ್ದೆ. ಒಂದು ವಾರ ಯಾವಾಗ ಏನು ತಿಂದ ಬರೆದಿಟ್ಟು ಮಾತ್ರೆ ಕೊಟ್ಟ ಡಾಕ್ಟರಿಗೆ ತೋರಿಸಿ, ಡೋಸು, ಹೊತ್ತು ಬದಲಾಯಿಸೋದು ಅವ್ರ ಕೆಲಸ. ಬೀಗ ತೆಗೀರಿ. ಬೈಸ್ಕೊಂಡ ಮಗು ಕಮ್ಮಿ ತಿನ್ನಲ್ಲ, ಬಚ್ಚಿಟ್ಟು ತಿನ್ನತ್ತೆ. ಚಿಪ್ಸ್ ಮನೆಗೇ ತರ್ಬೇಡಿ, ತಂಗಿಗೂ ಇಲ್ಲ ನಿಮ್ಮೆಜಮಾನ್ರಿಗೂ ಇಲ್ಲ. ಎಪ್ಸ್ಟೀನ್ ಅನ್ನೋ ಸಂಶೋಧಕರು ಮಾಡಿದ ಟ್ರಾಫಿಕ್ ಲೈಟ್ ಪದ್ಧತಿ ಇದೆ, ತಿನ್ನೋದನ್ನೆಲ್ಲ ಮೂರು ಬಣ್ಣಕ್ಕೆ ಹಂಚೋದು, ಹಸಿರು ಧಾರಾಳವಾಗಿ, ಹಳದಿ ಅಳತೇಲಿ, ಕೆಂಪು ಅಪರೂಪಕ್ಕೆ, ಇಂಥ ಮಗುಗೆ ಬಣ್ಣ ಬೇಗ ಅರ್ಥ ಆಗತ್ತೆ, ಕ್ಯಾಲೊರಿ ಲೆಕ್ಕ ಬೇಡ. ಬೆಳೆಯೋ ವಯಸ್ಸು, ಎಷ್ಟೋ ಸಲ ತೂಕ ಏರದೇ ನಿಂತ್ರೆ ಸಾಕು, ಎತ್ತರ ಸರಿದೂಗಿಸತ್ತೆ. ಯಜಮಾನ್ರನ್ನೂ ಸೆಷನ್‌ಗೆ ಕರ್ಕೊಂಡು ಬನ್ನಿ, ಎಡಿಎಚ್‌ಡಿ ಮನೆತನದಲ್ಲಿ ಹರಿಯತ್ತೆ, ಚಾರ್ಟ್ ತುಂಬೋದನ್ನ ಅಪ್ಪನೇ ಮರೆಯೋ ಮನೆಗಳಲ್ಲಿ ನಾನು ಎರಡೇ ನಿಯಮ ಇಡ್ತೀನಿ. ಇನ್ನೊಂದು, ಗೊರಕೆ ಹೊಡೀತಾನಾ?

ಅಜ್ಜಿ ಮಾತು: ಬುದ್ಧಿ ಚುರುಕು ಆಗತ್ತೆ, ಬೊಜ್ಜೂ ಕರಗತ್ತೆ, ಈ ಪುಡಿ ಜೇನುತುಪ್ಪದಲ್ಲಿ ಕೊಡಿ. ನೂರು ಜನಕ್ಕೆ ಕಳಿಸಿ 🙏

ಮೇಡಂ: ಅಮ್ಮಾ, ಅದ್ರಲ್ಲಿ ಏನಿದೆ ಅಂತ ಪ್ಯಾಕೆಟ್ ಮೇಲಾದ್ರೂ ಬರೆದಿದಾರಾ? ತೂಕ ಇಳಿಸೋ ಪುಡಿಗಳಲ್ಲಿ ಹೇಳದೇ ಔಷಧ ಬೆರೆಸಿರೋದು ಸಿಕ್ಕಿದೆ. ಮಾತ್ರೆ ತಗೊಳ್ಳೋ ಮಗುಗೆ ಅದು ಸೇರಿದ್ರೆ ಎದೆಬಡಿತ, ಬಿಪಿ ಏರಬಹುದು. ನೂರು ಜನಕ್ಕೆ ಕಳ್ಸೋ ಮುಂಚೆ ಒಬ್ಬ ಡಾಕ್ಟರನ್ನ ಕೇಳ್ಬಾರ್ದಾ?

ಸಂಜೆ ಗಾಳಿ: ಸಕ್ಕರೆ ಬಿಟ್ರೆ ಎಡಿಎಚ್‌ಡಿ ಹೋಗತ್ತಾ ಮೇಡಂ?

ಮೇಡಂ: ಇಲ್ಲ. ಸಕ್ಕರೆಗೂ ನಡವಳಿಕೆಗೂ ಸಂಬಂಧ ಕಾಣಲಿಲ್ಲ ಅಂತ 1995ರಲ್ಲೇ ಹಲವು ಟ್ರಯಲ್ ಸೇರಿಸಿ ನೋಡಿದಾರೆ. ತೂಕಕ್ಕೋಸ್ಕರ ಸಕ್ಕರೆ ಕಮ್ಮಿ ಮಾಡಿ.

ಹೊಸ ಅಮ್ಮ: ಶುಗರ್ ಫ್ರೀ ಬಿಸ್ಕೆಟ್ ಕೊಟ್ರೆ ಎಡಿಎಚ್‌ಡಿ ಕಮ್ಮಿ ಆಗತ್ತಾ?

ಮೇಡಂ: ಮೇಲೆ ಓದಿ.

ಸುಮ್ನೆ ಓದೋನು: ನಮ್ ಕಾಲದಲ್ಲಿ ಎರಡೇಟು ಬಿಟ್ರೆ ಎಲ್ಲಾ ಸರಿ ಹೋಗ್ತಿತ್ತು.

ಮಳೆಬಿಲ್ಲು: ಸರಿ ಹೋಗಿದ್ದು ಕಾಣ್ತಿದೆ ಬಿಡಿ ಸಾರ್.

ಸುಮ್ನೆ ಓದೋನು: ಮಾತು ನೆಟ್ಟಗಿರ್ಲಿ. ಅಮ್ಮಂದಿರು ಮೊಬೈಲ್ ಬಿಟ್ರೆ ಮಕ್ಕಳು ತಾವೇ ಸಣ್ಣ ಆಗ್ತಾರೆ.

ಹೊಸ ಅಮ್ಮ: ಅಪ್ಪಂದಿರ ಕೈಲಿರೋದು ಪುಸ್ತಕಾನಾ?

ಅಜ್ಜಿ ಮಾತು: ದೊಡ್ಡವ್ರಿಗೆ ಮರ್ಯಾದೆ ಇಲ್ಲ ಈ ಗ್ರೂಪಲ್ಲಿ. ನಮ್ಮ ಪುಡಿಯಿಂದ ಯಾರೂ ಸತ್ತಿಲ್ಲ.

ಸಂಜೆ ಗಾಳಿ: ನನ್ನ ಮಗುಗೆ 5, ಮಾತ್ರೆ ಬೇಕೇ ಬೇಕಾ?

ಮೇಡಂ: ಆ ವಯಸ್ಸಿಗೆ ಮೊದಲು ಪೇರೆಂಟ್ ಟ್ರೈನಿಂಗ್.

ಓಡೋ ಅಪ್ಪ: ಈಜಾ ಫುಟ್‌ಬಾಲಾ ಮೇಡಂ??

ಹೆಸರು ಬೇಡ: ಗೊರಕೆ ಹೌದು ಮೇಡಂ, ಜೋರು. ಮಧ್ಯೆ ಉಸಿರು ನಿಂತ ಹಾಗಾಗಿ ಬೆಚ್ಚಿ ಬೀಳ್ತಾನೆ. ದಪ್ಪ ಅಲ್ವಾ ಅದಕ್ಕೆ ಅಂತ ಸುಮ್ನಿದ್ವಿ.

ಮೇಡಂ: ಸುಮ್ನಿರೋ ವಿಷಯ ಅಲ್ಲ ಇದು. ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ಆಗಾಗ ನಿಲ್ಲೋ ತೊಂದರೆ, ಇದ್ರೆ ಹಗಲು ಗಮನ ನಿಲ್ಲಲ್ಲ, ಸಿಡುಕು, ಚಡಪಡಿಕೆ, ನೋಡೋಕೆ ಎಡಿಎಚ್‌ಡಿ ತರಾನೇ ಇರತ್ತೆ, ಇರೋ ಎಡಿಎಚ್‌ಡಿನೂ ಕೆಡತ್ತೆ, ನಿದ್ದೆಗೆಟ್ಟ ಮಗುಗೆ ಹಸಿವೂ ಜಾಸ್ತಿ. ಟಾನ್ಸಿಲ್, ಮೂಗಿನ ಹಿಂದಿರೋ ಅಡೆನಾಯ್ಡ್ ಗ್ರಂಥಿ ದೊಡ್ಡದಾಗಿರಬಹುದು. ಮಲಗಿದ್ದಾಗ ವಿಡಿಯೋ ಮಾಡಿ, ಮಕ್ಕಳ ಡಾಕ್ಟರ್ ಹತ್ರ ಇದೇ ವಾರ ಹೋಗಿ, ಇಎನ್‌ಟಿ, ಸ್ಲೀಪ್ ಸ್ಟಡಿ (ಮಲಗಿದ್ದಾಗ ಮಾಡೋ ನಿದ್ದೆ ಪರೀಕ್ಷೆ) ಬೇಕಾ ಕೇಳಿ. ಸ್ಟಾರ್ ಚಾರ್ಟ್ ಆಮೇಲೆ.

ಅಜ್ಜಿ ಮಾತು: ಗೊರಕೆಗೆ ತುಪ್ಪ ಮೂಗಿಗೆ ಬಿಡಿ, ನಮ್ಮನೇಲಿ

ಮೇಡಂ: ಬಿಡ್ಬೇಡಿ!! ಅಡ್ಮಿನ್, ಇವ್ರ ಪೋಸ್ಟ್ ತೆಗೀತೀರಾ ಇಲ್ಲ ನಾನು ಹೊರಡ್ಲಾ?

ಸುಮ್ನೆ ಓದೋನು: ನೋಡಿ, ಒಂದು ಮಾತು ಕೇಳೋ ತಾಳ್ಮೆ ಇಲ್ಲ.

ಅಡ್ಮಿನ್: ಕಾಮೆಂಟ್ ಆಫ್ ಮಾಡ್ತಿದೀನಿ.