ತಾಲ್ಲೂಕು ಸುತ್ತುವ ಮನೋವೈದ್ಯರಿಗೆ ಪ್ರತ್ಯೇಕ ಸಂಘ ಬೇಕಾ? ಅನುಭವ ಇರುವವರು ಹೇಳಿ

ಪ್ರಶ್ನೆ: ಕಾಫಿನಾಡ ವೈದ್ಯೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಎಂಡಿ ಮುಗಿಸಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿದ್ದೇನೆ. ಮಂಗಳವಾರ ಬಂತೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್. ಉಳಿದ ದಿನಗಳಲ್ಲಿ ಜಿಲ್ಲಾಸ್ಪತ್ರೆ ಓಪಿ, ಶಾಲೆ, ಜೈಲು, ಆಶಾ ಕಾರ್ಯಕರ್ತೆಯರ ತರಬೇತಿ. ಕೆಲಸ ನನಗೆ ಇಷ್ಟ, ಬಿಟ್ಟು ಹೋಗುವ ಯೋಚನೆ ಇಲ್ಲ.

ತೊಂದರೆ ಏನೆಂದರೆ, ಅನುಮಾನ ಬಂದಾಗ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಬಾಳೆಹೊನ್ನೂರು ಕಡೆಯ ಎಸ್ಟೇಟ್ ಲೈನ್ ಮನೆಯ ಒಬ್ಬ ಹೆಂಗಸು ಬರುತ್ತಾರೆ. ಎರಡು ಔಷಧಿ ಪೂರ್ತಿ ಡೋಸ್‌ನಲ್ಲಿ ಕೊಟ್ಟರೂ ಕಿವಿಯಲ್ಲಿ ಕೇಳುವ ದನಿ ನಿಂತಿಲ್ಲ. ಬೇರೆ ಔಷಧಿಗೆ ಬಗ್ಗದ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆ ಶುರು ಮಾಡಬೇಕು. ಆದರೆ ಅದರಿಂದ ಬಿಳಿ ರಕ್ತಕಣ ಕುಸಿಯಬಹುದು, ಹಾಗಾಗಿ ಮೊದಲ 18 ವಾರ, ವಾರ ವಾರ ರಕ್ತ ಪರೀಕ್ಷೆ ಆಗಲೇಬೇಕು. ಆಷಾಢದ ಮಳೆಯಲ್ಲಿ, ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಅವರು ಬರುವುದು ಹೇಗೆ? ಪಿಜಿಯಲ್ಲಿ ಕ್ಲೋಜಪಿನ್ ಬಗ್ಗೆ ಓದಿದ್ದೆಲ್ಲ ವಾರ್ಡಿನಲ್ಲಿ ಮಲಗಿರುವ ರೋಗಿಯ ಲೆಕ್ಕದಲ್ಲಿತ್ತು.

ದೊಡ್ಡ ಸಮ್ಮೇಳನಗಳಿಗೆ ಹೋಗಿದ್ದೇನೆ, ಕಲಿತಿದ್ದೇನೆ. ಆದರೂ ನಮ್ಮಂಥವರದ್ದೇ ಒಂದು ಸಂಘ ಇದ್ದರೆ ಏನು ಮಾಡಬಹುದು? ಬೇರೆ ಕಡೆ ಇದ್ದರೆ ಅದು ಬೆಳೆದದ್ದು ಹೇಗೆ? ಸದಸ್ಯತ್ವದ ಹಣ ಕಟ್ಟಿ ಸರ್ಟಿಫಿಕೇಟ್ ಗೋಡೆಗೆ ಹಾಕುವ ಸಂಘ ನನಗೆ ಬೇಡ.

ಉತ್ತರ 1: ನಿವೃತ್ತ ಮನೋವೈದ್ಯ, ಹಾಸನ

ಬೇಕಮ್ಮ, ಖಂಡಿತ ಬೇಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ರೋಗಿಯ ವಿಷಯ. ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬ್‌ನಲ್ಲಿ ಟೋಟಲ್ ಕೌಂಟ್, ಡಿಫರೆನ್ಷಿಯಲ್ ಕೌಂಟ್ (ಬಿಳಿ ರಕ್ತಕಣಗಳ ಎಣಿಕೆ) ಆಗುತ್ತದಾ ವಿಚಾರಿಸಿ. ಆಗುವುದಾದರೆ ಅಲ್ಲಿನ ವೈದ್ಯಾಧಿಕಾರಿಯ ಜೊತೆ ನೀವೇ ಮಾತಾಡಿ, ವರದಿಯ ಫೋಟೋ ಅದೇ ದಿನ ನಿಮ್ಮ ಫೋನಿಗೆ ಬರುವ ಹಾಗೆ ಏರ್ಪಾಡು ಮಾಡಿಕೊಳ್ಳಿ. ವರದಿ ನೋಡದೆ ಮುಂದಿನ ವಾರದ ಮಾತ್ರೆ ಕೊಡಬೇಡಿ. ಜ್ವರ, ಗಂಟಲು ನೋವು ಬಂದರೆ ಅವತ್ತೇ ಬರಬೇಕೆಂದು ಗಂಡನಿಗೂ ಆಶಾಗೂ ಇಬ್ಬರಿಗೂ ಹೇಳಿ, ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.

ಈಗ ಸಂಘದ ವಿಷಯ. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ 1963ರ ಅಕ್ಟೋಬರ್ 31ರಂದು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾಯಿದೆಗೆ ಸಹಿ ಹಾಕಿದರು. ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಜನರನ್ನು ವರ್ಷಗಟ್ಟಲೆ ಇಡುವ ಬದಲು ಅವರ ಊರಲ್ಲೇ ಚಿಕಿತ್ಸೆ ಸಿಗಲಿ ಎಂಬುದು ಉದ್ದೇಶ. ಕೇಂದ್ರಗಳೇನೋ ಎದ್ದವು. ಬರುಬರುತ್ತಾ ಅಲ್ಲಿಂದ ಮನೋವೈದ್ಯರು ಜಾಗ ಖಾಲಿ ಮಾಡತೊಡಗಿದರು. ಉಳಿದವರ ಕೆಲಸ ಔಷಧಿ ಚೀಟಿಗೆ ಸಹಿ ಹಾಕುವುದಕ್ಕೆ ಇಳಿಯಿತು. ಆ ಸ್ಥಿತಿಯಲ್ಲಿ, 1984ರಲ್ಲಿ, ಕೇಂದ್ರಗಳಲ್ಲಿದ್ದ ಕೆಲವು ಮನೋವೈದ್ಯರು ಸೇರಿ ‘ಸಮುದಾಯ ಮನೋವೈದ್ಯರ ಸಂಘ’ ಕಟ್ಟಿದರು. ಈ ಕೇಂದ್ರದಲ್ಲಿ ಮನೋವೈದ್ಯನ ಪಾತ್ರ ಏನು ಎಂಬುದೇ ಅವರು ಮೊದಲು ಎತ್ತಿಕೊಂಡ ಪ್ರಶ್ನೆ. ನೀವು ಕೇಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಅವರು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನ್ನಿಸುವುದು 1996ರಲ್ಲಿ ತಂದ ‘ಲೋಕಸ್’ ಎಂಬ ಅಳತೆಪಟ್ಟಿ. ಯಾವ ರೋಗಿಗೆ ಎಷ್ಟು ತೀವ್ರತೆಯ ಆರೈಕೆ ಬೇಕು ಎಂದು ತೀರ್ಮಾನಿಸುವುದಕ್ಕೆ ಅದರಲ್ಲಿ ಆರು ಬಾಬುಗಳಿವೆ: ಅಪಾಯ ಎಷ್ಟು, ದಿನನಿತ್ಯದ ಕೆಲಸ ಎಷ್ಟರ ಮಟ್ಟಿಗೆ ಸಾಗುತ್ತಿದೆ, ಜೊತೆಗೆ ಬೇರೆ ಕಾಯಿಲೆ ಅಥವಾ ಕುಡಿತ ಇದೆಯಾ, ಸುತ್ತಲಿನ ವಾತಾವರಣ ಹೇಗಿದೆ, ಹಿಂದಿನ ಚಿಕಿತ್ಸೆಗೆ ಏನಾಯಿತು, ರೋಗಿ ಎಷ್ಟು ಕೈಜೋಡಿಸುತ್ತಾನೆ. ವಾತಾವರಣದ ಬಾಬಿನಲ್ಲಿ ಒತ್ತಡಕ್ಕೆ ಬೇರೆ ಅಂಕ, ಆಸರೆಗೆ ಬೇರೆ ಅಂಕ. ನಿಮ್ಮ ಲೈನ್ ಮನೆಯ ಹೆಂಗಸನ್ನೇ ತೆಗೆದುಕೊಳ್ಳಿ. ಅದೇ ಕಾಯಿಲೆ, ಅದೇ ಲಕ್ಷಣ ಇರುವ ಇನ್ನೊಬ್ಬರು ಕೊಪ್ಪದಲ್ಲಿ ತಾಯಿಯ ಜೊತೆ ಇದ್ದಾರೆ ಅಂದುಕೊಳ್ಳಿ. ಡಯಾಗ್ನೋಸಿಸ್ ಎರಡಕ್ಕೂ ಒಂದೇ, ಬೇಕಾಗುವ ಆರೈಕೆ ಮಾತ್ರ ಬೇರೆ. ತಾಲ್ಲೂಕು ಸುತ್ತುವ ಪ್ರತಿ ಡಾಕ್ಟರಿಗೂ ಇದು ಗೊತ್ತು. ಗೊತ್ತಿರುವುದನ್ನು ಮೇಲಿನವರು ಒಪ್ಪುವಂಥ ಕಾಗದವನ್ನಾಗಿ ಮಾಡಲು ಒಬ್ಬ ಡಾಕ್ಟರಿಂದ ಆಗುವುದಿಲ್ಲ. ಅದಕ್ಕೇ ಸಂಘ ಬೇಕು ಅನ್ನುವುದು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 1947ರದ್ದು. ಮಾನಸಿಕ ಅಂಗವೈಕಲ್ಯ ಅಳೆಯುವ ‘ಐಡಿಯಾಸ್’ ಪಟ್ಟಿಯನ್ನು ರೂಪಿಸಿದ್ದು ಅದರ ಪುನರ್ವಸತಿ ಸಮಿತಿ. ಇಂಡಿಯನ್ ಅಸೋಸಿಯೇಷನ್ ಫಾರ್ ಸೋಷಿಯಲ್ ಸೈಕಿಯಾಟ್ರಿ ಶುರುವಾದದ್ದೂ 1984ರಲ್ಲೇ. ಕ್ಷೇತ್ರದ ಅನುಭವಕ್ಕಂತೂ ಕರ್ನಾಟಕಕ್ಕೆ ಬರ ಇಲ್ಲ. ನಿಮ್ಹಾನ್ಸ್‌ನವರು ಬೆಂಗಳೂರಿನ ಹತ್ತಿರದ ಸಕಲವಾರದ ಹಳ್ಳಿಗಳಲ್ಲಿ ಕಲಿತದ್ದನ್ನು ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಒಯ್ದರು, ಪಿಎಚ್‌ಸಿ ವೈದ್ಯರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದರು. ನೀವು ಇವತ್ತು ಕೆಲಸ ಮಾಡುತ್ತಿರುವ, 1996ರಲ್ಲಿ ದೇಶಕ್ಕೆ ಬಂದ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿಯಿಂದ. ನಿಮ್ಮ ಕೊಪ್ಪದ ಪಕ್ಕದ ತೀರ್ಥಹಳ್ಳಿಯಲ್ಲೂ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡಿದ್ದಾರೆ.

ಹಾಗಾಗಿ, ಸಂಘ ಬೇಕು ಅಂದೆ ನಿಜ, ಆದರೆ ಹೊಸ ರಿಜಿಸ್ಟರ್ಡ್ ಸಂಘ, ಬೈಲಾ, ಪದಾಧಿಕಾರಿಗಳು ಅಂತ ಶುರು ಮಾಡಬೇಡಿ. ತಿಂಗಳಿಗೊಂದು ಸಂಜೆ ಹಾಸನ, ಚಿಕ್ಕಮಗಳೂರಿನವರು ಆನ್‌ಲೈನ್‌ನಲ್ಲಿ ಕೂರೋಣ. ಒಬ್ಬರು ಒಂದು ಕಷ್ಟದ ಕೇಸ್ ತರಲಿ, ಹೆಸರು, ಗುರುತು ತೆಗೆದು.

ಉತ್ತರ 2: ಸಮಾಜಕಾರ್ಯ ಅರಸೀಕೆರೆ

ಸಾರ್, ಮೇಡಂ, ಇಬ್ಬರಿಗೂ ನಮಸ್ಕಾರ. ನಾನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಡಾಕ್ಟರುಗಳೇ ಸೇರಿ ಮಾತಾಡಿಕೊಂಡರೆ ಅರ್ಧ ವಿಷಯ ಹೊರಗೇ ಉಳಿಯುತ್ತದೆ. ಇಂಜೆಕ್ಷನ್‌ಗೆ ಬರಬೇಕಾದವರು ಬರಲಿಲ್ಲ ಅಂದರೆ ರಿಜಿಸ್ಟರ್‌ನಲ್ಲಿ ‘ಡ್ರಾಪ್ಔಟ್’ ಅಂತ ಬರೆಯುತ್ತೇವೆ. ಮನೆಗೆ ಹೋದರೆ ತಿಳಿಯುತ್ತದೆ, ಇಡೀ ಸಂಸಾರವೇ ಕಾಫಿ ಕೊಯ್ಲಿಗೆ ಸಕಲೇಶಪುರದ ಕಡೆ ಹೋಗಿದೆ, ಬರುವುದು ಫೆಬ್ರವರಿ ಕಳೆದ ಮೇಲೆ. ಅವರಿಗೆ ಬೇಕಿರುವುದು ಬುದ್ಧಿವಾದ ಅಲ್ಲ, ಹೋದ ಊರಿನ ಆಸ್ಪತ್ರೆಯಲ್ಲಿ ಅದೇ ಇಂಜೆಕ್ಷನ್ ಸಿಗಬೇಕು. ಎರಡು ತಾಲ್ಲೂಕಿನವರು ಮಾತಾಡಿಕೊಂಡರೆ ಒಂದು ಫೋನ್ ಕಾಲ್‌ನಲ್ಲಿ ಮುಗಿಯುವ ಕೆಲಸ. ದಯವಿಟ್ಟು ನರ್ಸ್‌ಗಳನ್ನೂ ನಮ್ಮನ್ನೂ ಸೇರಿಸಿಕೊಳ್ಳಿ.

ನಿವೃತ್ತ ಮನೋವೈದ್ಯ, ಹಾಸನ

ಒಪ್ಪಿದೆ. ಆ ಅಮೆರಿಕದ ಸಂಘವೂ ಮೊದಲು ‘ಸಮುದಾಯ ಮನೋವೈದ್ಯರ ಸಂಘ’ ಆಗಿತ್ತು, ಈಗ ಹೆಸರು ಬದಲಿಸಿ ‘ಸಮುದಾಯ ಮನೋವೈದ್ಯಕೀಯಕ್ಕಾಗಿ ಇರುವ ಸಂಘ’ ಮಾಡಿಕೊಂಡಿದ್ದಾರೆ. ನಾವು ಮೊದಲ ದಿನದಿಂದಲೇ ಎಲ್ಲರನ್ನೂ ಸೇರಿಸಿಕೊಳ್ಳೋಣ. ಕೊಯ್ಲಿಗೆ ಹೋಗುವವರ ವಿಷಯ ಮೊದಲ ಸಭೆಯಲ್ಲೇ ಬರಲಿ.

ಉತ್ತರ 3: ಸಕಲೇಶಪುರದ ಅಣ್ಣ

ನಾನು ಡಾಕ್ಟರಲ್ಲ. ನನ್ನ ತಮ್ಮನಿಗೆ ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾ. ಮೇಲೆ ಸಾರ್ ಹೇಳಿದ ಐಡಿಯಾಸ್ ಪಟ್ಟಿಯ ಬಗ್ಗೆ ಒಂದು ಮಾತು.

ಅಂಗವೈಕಲ್ಯ ಸರ್ಟಿಫಿಕೇಟ್‌ಗೆ ಕರೆದುಕೊಂಡು ಹೋಗುವ ದಿನ ಅಮ್ಮ ಅವನಿಗೆ ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ನನ್ನದೇ ಇಸ್ತ್ರಿ ಶರ್ಟ್ ಹಾಕಿಸಿದ್ದರು. ಆಸ್ಪತ್ರೆಗೆ ಹೋಗುವಾಗ ಹರಕು ಬಟ್ಟೆಯಲ್ಲಿ ಯಾರು ಕಳಿಸುತ್ತಾರೆ? ನೋಡಿದವರು ಸ್ವಂತ ಆರೈಕೆಯ ಬಾಬಿನಲ್ಲಿ ಏನೂ ತೊಂದರೆ ಇಲ್ಲ ಅಂತ ಬರೆದರು. ಅಮ್ಮನನ್ನು ಒಳಗೆ ಕರೆದು ಒಂದು ಮಾತು ಕೇಳಲಿಲ್ಲ. 40 ಪರ್ಸೆಂಟ್ ದಾಟಲಿಲ್ಲ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಸವಲತ್ತು ತಪ್ಪಿತು. ಆಮೇಲೆ ಬಂದ ಇನ್ನೊಬ್ಬ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, ಹೇಳದೆ ಇದ್ದರೆ ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡುತ್ತಾನೆ, ತಟ್ಟೆ ಮುಂದಿಟ್ಟರೆ ತಾನಾಗಿ ಉಣ್ಣುತ್ತಾನಾ ಅಂತ ಕೇಳಿದರು. ಅವತ್ತು ಸರಿಯಾಯಿತು.

ಪಟ್ಟಿ ಒಂದೇ, ಕೇಳಿದವರು ಬೇರೆ. ನೀವು ತಿಂಗಳಿಗೊಮ್ಮೆ ಸೇರುವುದಾದರೆ ಇದನ್ನು ಹೊಸದಾಗಿ ಬಂದ ಎಲ್ಲ ಡಾಕ್ಟರಿಗೂ ಹೇಳಿಕೊಡಿ. ಇನ್ನೊಂದು, ಡಾಕ್ಟರು ಬದಲಾದಾಗಲೆಲ್ಲ ನಾವು ತಮ್ಮನ ಕಥೆ ಮೊದಲಿಂದ ಹೇಳಬೇಕು. ಹೋಗುವವರು ಬರುವವರಿಗೆ ಒಂದು ಪುಟ ಬರೆದಿಟ್ಟರೆ ಸಾಕು.

ಕಾಫಿನಾಡ ವೈದ್ಯೆ, ಚಿಕ್ಕಮಗಳೂರು

ಅಣ್ಣಾ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾಲ್ಕು ಜನರ ಒಳಿತಿಗೆ ನೀವು ಇದನ್ನು ಇಲ್ಲಿ ಬರೆದಿರಿ. ಆ ಒಂದು ಪುಟದ ನಮೂನೆಯನ್ನು ನಾನೇ ತಯಾರು ಮಾಡುತ್ತೇನೆ: ಈವರೆಗೆ ಕೊಟ್ಟ ಔಷಧಿ, ಯಾವುದು ಕೆಲಸ ಮಾಡಿತು, ಯಾವುದರಿಂದ ತೊಂದರೆ ಆಯಿತು, ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು.

ಸಾರ್, ಬಾಳೆಹೊನ್ನೂರು ಕಡೆ ಪಿಎಚ್‌ಸಿಗೆ ಫೋನ್ ಮಾಡಿದೆ. ಕೌಂಟ್ ಮಾಡಿಕೊಡುತ್ತಾರಂತೆ, ಲ್ಯಾಬ್ ಟೆಕ್ನೀಷಿಯನ್ ರಜೆ ಹಾಕಿದ ವಾರ ಏನು ಮಾಡುವುದು ಎಂಬುದು ಇನ್ನೂ ತೀರ್ಮಾನ ಆಗಬೇಕು.

ಮೊದಲ ಸಭೆ ತಿಂಗಳ ಎರಡನೇ ಗುರುವಾರ, ಓಪಿ ಮುಗಿದ ಮೇಲೆ ಸಂಜೆ 6ಕ್ಕೆ. ಈ ಕ್ಲೋಜಪಿನ್ ಕೇಸ್ ನಾನು ತರುತ್ತೇನೆ, ಕೊಯ್ಲಿಗೆ ಹೋಗುವವರ ಇಂಜೆಕ್ಷನ್ ವಿಷಯ ಅರಸೀಕೆರೆಯವರು ಎತ್ತಲಿ. ಕಡೂರು, ತರೀಕೆರೆ, ಬೇಲೂರಿನ ನರ್ಸ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ, ಲಿಂಕ್ ಕಳಿಸುತ್ತೇನೆ.