ಟ್ಯೂನಾ ಪಾಸ್ತಾ ಬೇಕ್ ಒಣಗದ ಹಾಗೆ ಬೇಗ ಮಾಡೋದು ಹೇಗೆ?

ಸಂಜೆಅಡುಗೆ:
ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಮನೆ ಸೇರೋಷ್ಟರಲ್ಲಿ ಮಕ್ಕಳು ಹಸಿವು ಹಸಿವು ಅಂತಿರ್ತಾರೆ, ಆಮೇಲೆ ಒಂದು ಗಂಟೆ ಒಲೆ ಮುಂದೆ ನಿಲ್ಲೋಕೆ ಆಗಲ್ಲ, ಅದಕ್ಕೆ ವಾರದಲ್ಲಿ ಒಂದಿನ ಟ್ಯೂನಾ ಪಾಸ್ತಾ ಬೇಕ್ ಅಂತ ಫಿಕ್ಸ್ ಮಾಡ್ಕೊಂಡಿದೀನಿ, ಡಬ್ಬಿ ಟ್ಯೂನಾ, ಪಾಸ್ತಾ, ಹಾಲು, ಚೀಸ್ ಎಲ್ಲಾ ಮನೇಲೇ ಇರತ್ತೆ. ರುಚಿ ಎಲ್ಲರಿಗೂ ಇಷ್ಟ. ಆದ್ರೆ ಓವನ್‌ನಿಂದ ಹೊರಗೆ ತೆಗೆದಾಗ ಸಾಸ್ ಅನ್ನೋದೇ ಇರಲ್ಲ, ಪಾಸ್ತಾ ಎಲ್ಲಾ ಕುಡ್ಕೊಂಡು ಗಟ್ಟಿಯಾಗಿ ಕೂತಿರತ್ತೆ, ಟ್ಯೂನಾ ಕೂಡ ಪುಡಿಪುಡಿ. ನಾಲ್ಕು ಜನಕ್ಕೆ ಸರಿಯಾದ ಅಳತೆ ಹೇಳ್ತೀರಾ? ಹಿಂದಿನ ರಾತ್ರಿನೇ ರೆಡಿ ಮಾಡಿ ಫ್ರಿಜ್ಜಲ್ಲಿ ಇಡಬಹುದಾ? ತೊಳೆಯೋ ಪಾತ್ರೆ ಕಡಿಮೆ ಇದ್ರೆ ಇನ್ನೂ ಒಳ್ಳೇದು.

ಬೆಣ್ಣೆಮೈದಾ:
ಪಾಸ್ತಾ ಪೂರ್ತಿ ಬೇಯಿಸಿ ಆಮೇಲೆ ಓವನ್‌ಗೆ ಹಾಕ್ತಿದೀರಿ ಅನ್ಸತ್ತೆ. ಓವನ್ ಒಳಗೂ ಅದು ಬೇಯ್ತಾನೇ ಇರತ್ತೆ, ಸಾಸಲ್ಲಿರೋ ನೀರೆಲ್ಲ ಎಳ್ಕೊಳತ್ತೆ. ಅದಕ್ಕೆ ಎರಡು ವಿಷಯ ಗಮನದಲ್ಲಿಟ್ಕೊಳ್ಳಿ, ಪಾಸ್ತಾ ಅರೆಬೆಂದಿರಬೇಕು, ಸಾಸ್ ನಿಮಗೆ "ಅಯ್ಯೋ ಇಷ್ಟು ನೀರಾಯ್ತಲ್ಲ" ಅನ್ನಿಸೋಷ್ಟು ತೆಳ್ಳಗಿರಬೇಕು.

ನಾಲ್ಕು ಜನಕ್ಕೆ ನನ್ನ ಅಳತೆ: ಪಾಸ್ತಾ 300 ಗ್ರಾಂ (ಪೆನ್ನೆ ಅಥವಾ ಫ್ಯೂಸಿಲಿ, ಸಾಸ್ ಒಳಗೆ ಹಿಡ್ಕೊಳ್ಳೋ ಥರದ್ದು), ಬೆಣ್ಣೆ 50 ಗ್ರಾಂ, ಮೈದಾ 50 ಗ್ರಾಂ, ಹಾಲು 750 ಮಿ.ಲೀ., ಚೆಡ್ಡಾರ್ 150 ಗ್ರಾಂ, ಟ್ಯೂನಾ ಎರಡು ಡಬ್ಬಿ, ಸ್ವೀಟ್ ಕಾರ್ನ್ ಒಂದು ಕಪ್. ಮೊದಲು ಓವನ್ 200 ಡಿಗ್ರಿಗೆ ಹಾಕ್ಬಿಡಿ, ಫ್ಯಾನ್ ಓವನ್ ಆದ್ರೆ 180 ಸಾಕು. ಪಾಸ್ತಾ ಪ್ಯಾಕೆಟ್ ಮೇಲೆ 11 ನಿಮಿಷ ಅಂತಿದ್ರೆ 8ಕ್ಕೇ ಬಸಿದುಬಿಡಿ, ಕಚ್ಚಿದ್ರೆ ಮಧ್ಯದಲ್ಲಿ ಸ್ವಲ್ಪ ಗಟ್ಟಿ ಸಿಗಬೇಕು, ಬಸಿಯೋ ಮುಂಚೆ ಆ ನೀರು ಒಂದು ಲೋಟ ತೆಗೆದಿಟ್ಕೊಳ್ಳಿ. ಪಾಸ್ತಾ ಬೇಯ್ತಿರುವಾಗಲೇ ಪಕ್ಕದ ಒಲೇಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ ಒಂದೆರಡು ನಿಮಿಷ ಹುರೀರಿ, ಹಸಿ ವಾಸನೆ ಹೋಗಬೇಕು ಆದ್ರೆ ಬಣ್ಣ ತಿರುಗಬಾರದು, ಆಮೇಲೆ ಹಾಲು ಸ್ವಲ್ಪ ಸ್ವಲ್ಪಾನೇ ಹಾಕ್ತಾ ಕೈ ಬಿಡದೆ ತಿರುವಿ. ಒಂದು ಕುದಿ ಬರಲೇಬೇಕು, ಆಗಲೇ ಮೈದಾ ಪೂರ್ತಿ ಬೆಂದು ಸಾಸ್ ದಪ್ಪ ಆಗೋದು. ಸೌಟಿನ ಹಿಂಭಾಗಕ್ಕೆ ತೆಳ್ಳಗೆ ಅಂಟ್ಕೊಂಡ್ರೆ ಸಾಕು. ಉರಿ ಆರಿಸಿದ ಮೇಲೆ 100 ಗ್ರಾಂ ಚೀಸ್, ಒಂದು ಚಮಚ ಸಾಸಿವೆ ಪೇಸ್ಟ್, ಮೆಣಸಿನ ಪುಡಿ ಹಾಕಿ. ಕುದಿಯೋವಾಗ ಚೀಸ್ ಹಾಕಿದ್ರೆ ಒಡೆದು ತರಿತರಿ ಆಗತ್ತೆ, ಎಣ್ಣೆ ಬಿಟ್ಕೊಳತ್ತೆ.

ಎಲ್ಲಾ ಕಲಸಿದ ಮೇಲೆ ದಪ್ಪ ಅನ್ನಿಸಿದ್ರೆ ತೆಗೆದಿಟ್ಟ ನೀರು ಹಾಕಿ. ಉಳಿದ ಚೀಸ್ ಮೇಲೆ ಉದುರಿಸಿ 15ರಿಂದ 20 ನಿಮಿಷ. ಒಳಗಿರೋದೆಲ್ಲ ಬಿಸಿನೇ ಇರೋದ್ರಿಂದ ಓವನ್‌ಗೆ ಇರೋ ಕೆಲಸ ಮೇಲೆ ಬಣ್ಣ ಬರಿಸೋದಷ್ಟೇ, ಇನ್ನೂ ಹತ್ತು ನಿಮಿಷ ಇರಲಿ ಅಂತ ಬಿಡಬೇಡಿ, ಸಾಸ್ ಇಂಗೋದು ಅಲ್ಲೇ.

ಮೀನುಪ್ರಿಯೆ:
ಮೇಲೆ ಹೇಳಿರೋ ಅಳತೆ ಚೆನ್ನಾಗಿದೆ. ಟ್ಯೂನಾ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ಈ ಅಡುಗೇಲಿ ಎಲ್ಲರೂ ಸಾಸ್ ಬಗ್ಗೆ ತಲೆ ಕೆಡಿಸ್ಕೊಂಡು ಮೀನನ್ನ ಮರೆತೇಬಿಡ್ತಾರೆ. ಡಬ್ಬಿ ಮೀನು ಆಗಲೇ ಬೆಂದಿರತ್ತೆ, ಅದನ್ನ ಸಾಸ್ ಜೊತೆ ಕುದಿಸಬೇಡಿ. ನೀರು ಅಥವಾ ಎಣ್ಣೆ ಚೆನ್ನಾಗಿ ಬಸಿದು, ದೊಡ್ಡ ದೊಡ್ಡ ತುಂಡಾಗೇ ಇಟ್ಕೊಂಡು, ಪಾಸ್ತಾ ಸಾಸ್ ಎಲ್ಲ ಕಲಸಿ ಆದ ಮೇಲೆ ಕೊನೇಲಿ ಹಾಕಿ ಎರಡೇ ಎರಡು ಸಲ ಮೆತ್ತಗೆ ಮಗುಚಿ. ಆಗ ತುಂಡು ಬಾಯಿಗೆ ಸಿಗತ್ತೆ. ಉಪ್ಪುನೀರಿನ ಡಬ್ಬಿ ಆದ್ರೆ ಉಪ್ಪು ಅದರಲ್ಲೇ ಇರತ್ತೆ, ಚೀಸಲ್ಲೂ ಇರತ್ತೆ, ಸಾಸ್‌ಗೆ ಉಪ್ಪು ಹಾಕೋ ಮುಂಚೆ ರುಚಿ ನೋಡಿ.

ನಿಂಬೆರಸ ಇದಕ್ಕೆ ತುಂಬಾ ಹೊಂದತ್ತೆ, ಚೀಸಿನ ಭಾರ ಇಳಿಸತ್ತೆ. ಆದ್ರೆ ಸಾಸ್ ಕುದಿಯೋವಾಗ ಹಿಂಡಿದ್ರೆ ಹಾಲು ಒಡೆಯಬಹುದು, ಬಸಿದ ಟ್ಯೂನಾ ಮೇಲೆ ಸ್ವಲ್ಪ ಹಿಂಡಿ ಬಿಡಿ. ಆಮೇಲೆ ಚೀಸ್ ನೀವೇ ತುರಿದ್ಕೊಂಡ್ರೆ ಒಳ್ಳೇದು, ತುರಿದು ಪ್ಯಾಕೆಟ್ ಮಾಡಿರೋದಕ್ಕೆ ಅಂಟಬಾರದು ಅಂತ ಪಿಷ್ಟದ ಪುಡಿನೋ ಸೆಲ್ಯುಲೋಸೋ ಹಾಕಿರ್ತಾರೆ, ಅದು ಅಷ್ಟು ನುಣ್ಣಗೆ ಕರಗಲ್ಲ.

ಭಾನುವಾರದ_ತಯಾರಿ:
ಹಿಂದಿನ ದಿನನೇ ಮಾಡಿಡಬಹುದು, ನಾನು ಹಾಗೇ ಮಾಡೋದು. ಆದ್ರೆ ರಾತ್ರಿಯೆಲ್ಲ ಪಾಸ್ತಾ ಸಾಸ್ ಕುಡೀತಾನೇ ಇರತ್ತೆ, ಅದಕ್ಕೆ ಇನ್ನೊಂದು 100 ಮಿ.ಲೀ. ಹಾಲು ಜಾಸ್ತಿ ಹಾಕಿ ಇಡಿ. ಬಿಸಿ ಆರಿದ ತಕ್ಷಣ ಮುಚ್ಚಿ ಫ್ರಿಜ್ಜಿಗೆ ಸೇರಿಸಿ, ಎರಡು ಗಂಟೆಗಿಂತ ಹೆಚ್ಚು ಹೊರಗಡೆ ಇಡಬೇಡಿ. ಮಾರನೇ ದಿನ ಮೊದಲು ಫಾಯಿಲ್ ಮುಚ್ಚಿ 25 ನಿಮಿಷ, ಆಮೇಲೆ ಫಾಯಿಲ್ ತೆಗೆದು ಇನ್ನೊಂದು 10-15 ನಿಮಿಷ, ಮಧ್ಯದಲ್ಲಿ ಚಮಚ ಹಾಕಿದ್ರೆ ಹೊಗೆಯಾಡಬೇಕು. ಗಾಜಿನ ಟ್ರೇ ಆದ್ರೆ ಫ್ರಿಜ್ಜಿಂದ ತೆಗೆದ ಹಾಗೇ ಕಾದ ಓವನ್‌ಗೆ ಇಡಬೇಡಿ, ಒಡೆದುಹೋಗೋ ಚಾನ್ಸ್ ಇದೆ. ನಾನು ಇದಕ್ಕೇ ಸ್ಟೀಲ್ ಟ್ರೇ ಇಟ್ಕೊಂಡಿದೀನಿ.

ಬ್ರೆಡ್ ಕ್ರಂಬ್ಸ್ ಹಾಕೋದಾದ್ರೆ ಬೇಕ್ ಮಾಡೋವಾಗಲೇ ಹಾಕಿ, ರಾತ್ರಿನೇ ಹಾಕಿಟ್ರೆ ಮೆತ್ತಗಾಗತ್ತೆ.

ಒಂದೇಪಾತ್ರೆ:
ವೈಟ್ ಸಾಸ್ ಇಲ್ಲದೇನೂ ಆಗತ್ತೆ ಅಂತ ಯಾರೂ ಹೇಳ್ಲಿಲ್ವಲ್ಲ! ಪಾತ್ರೆ ಕಡಿಮೆ ಬೇಕು ಅಂದ್ರೆ ಪಾಸ್ತಾ ಬೇಯಿಸೋದೇ ಬೇಡ. ಆಳವಾದ ಟ್ರೇಲಿ ಹಸಿ ಪಾಸ್ತಾ 300 ಗ್ರಾಂ, 400 ಗ್ರಾಂ ಡಬ್ಬಿ ಟೊಮೆಟೊ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ, ಉಪ್ಪು, ಸುಮಾರು 700 ಮಿ.ಲೀ. ಕುದಿಯೋ ನೀರು. ಪಾಸ್ತಾ ಮುಳುಗಿರಲೇಬೇಕು, ಮೇಲೆ ತೇಲ್ತಿರೋದು ಬೇಯಲ್ಲ. ಫಾಯಿಲ್ ಬಿಗಿಯಾಗಿ ಮುಚ್ಚಿ 200 ಡಿಗ್ರಿಲಿ 30 ನಿಮಿಷ, ನಡುವೆ ಒಂದ್ಸಲ ತೆಗೆದು ತಿರುವಿ. ಬೆಂದಿದ್ಯಾ ಅಂತ ನೋಡ್ಕೊಂಡು ಟ್ಯೂನಾ, ಕಾರ್ನ್ ಸೇರಿಸಿ, ಚೀಸ್ ಹಾಕಿ, ಫಾಯಿಲ್ ಇಲ್ಲದೆ ಇನ್ನು 10 ನಿಮಿಷ. ಒಟ್ಟು ಟೈಮ್ ಹೆಚ್ಚು ಹಿಡಿಯತ್ತೆ ನಿಜ, ಆದ್ರೆ ಆ ಅರ್ಧ ಗಂಟೆ ನೀವು ಮಕ್ಕಳ ಹೋಂವರ್ಕ್ ನೋಡಬಹುದು, ನನಗೆ ಬೇಕಾಗಿರೋದು ಅದೇ.

ಸಂಜೆಅಡುಗೆ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ವಾರದ ದಿನಕ್ಕೆ ಬೆಣ್ಣೆಮೈದಾ ಅವರ ಅಳತೆ ಇಟ್ಕೊಂಡು ಹಿಂದಿನ ರಾತ್ರಿ ಮಾಡಿಡ್ತೀನಿ. ಇನ್ನೊಂದು ಡೌಟು, ಪ್ರತಿ ವಾರ ಟ್ಯೂನಾ ಅಂದ್ರೆ ಮಕ್ಕಳಿಗೆ ಪಾದರಸದ ತೊಂದರೆ ಇಲ್ವಾ?

ಮೀನುಪ್ರಿಯೆ:
ಡಬ್ಬಿ ಮೇಲೆ ಯಾವ ಜಾತಿ ಅಂತ ಬರೆದಿರತ್ತೆ, ಅದನ್ನ ನೋಡಿ ತಗೊಳ್ಳಿ. ಸ್ಕಿಪ್‌ಜ್ಯಾಕ್ ಚಿಕ್ಕ ಮೀನು, ಅದರಲ್ಲಿ ಪಾದರಸ ಕಡಿಮೆ. ಆಲ್ಬಕೋರ್ ಅಂತ ಬರೋ ಬಿಳಿ ಟ್ಯೂನಾದಲ್ಲಿ ಅದರ ಮೂರು ಪಟ್ಟು ಹತ್ತಿರ ಇರತ್ತೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಿಗೆ ಅಂತ ಕೊಟ್ಟಿರೋ ಸಲಹೇಲಿ ಡಬ್ಬಿ ಲೈಟ್ ಟ್ಯೂನಾ (ಇದು ಹೆಚ್ಚಾಗಿ ಸ್ಕಿಪ್‌ಜ್ಯಾಕೇ) ಪಾದರಸ ಕಡಿಮೆ ಇರೋ ಮೀನುಗಳ ಮೊದಲನೇ ಪಟ್ಟಿಲಿದೆ, ಆ ಪಟ್ಟಿಯ ಮೀನು ವಾರಕ್ಕೆ ಎರಡು ಸಲ ಕೊಡಬಹುದು, ಪ್ರಮಾಣ ಮಾತ್ರ ವಯಸ್ಸಿಗೆ ತಕ್ಕ ಹಾಗೆ, ನಾಲ್ಕರಿಂದ ಏಳು ವರ್ಷದವರಿಗೆ ಒಂದು ಸಲಕ್ಕೆ ಸುಮಾರು 55 ಗ್ರಾಂ. ಎರಡು ಡಬ್ಬಿ ನಾಲ್ಕು ಜನಕ್ಕೆ ಹಂಚೋವಾಗ ಚಿಕ್ಕವರ ತಟ್ಟೆಗೆ ಮೀನು ಸ್ವಲ್ಪ ಕಡಿಮೆ, ಕಾರ್ನು ಪಾಸ್ತಾ ಜಾಸ್ತಿ ಬಡಿಸಿ. ಗರ್ಭಿಣಿಯರು ಮನೇಲಿದ್ರೆ ಅವರಿಗೂ ಸ್ಕಿಪ್‌ಜ್ಯಾಕೇ ಇರಲಿ.