ಭಾಗಮಂಡಲದ ಕಾಡು ಹಸಿರು, ಆನೆಕಾಡು ಬೋಳು. ಒಂದೇ ಕೊಡಗು ಜಿಲ್ಲೆಯಲ್ಲಿ ಹೀಗ್ಯಾಕೆ?

ಕುಶಾಲನಗರದವ
ಫೆಬ್ರವರಿಯಲ್ಲಿ ಬೈಕ್ ಹತ್ತಿ ಇಲ್ಲಿಂದ ಭಾಗಮಂಡಲಕ್ಕೆ ಹೋಗಿದ್ದೆ. ಆನೆಕಾಡು ದಾಟುವಾಗ ತೇಗದ ಮರಗಳಲ್ಲಿ ಎಲೆಯೇ ಇಲ್ಲ, ನೆಲದ ತುಂಬ ತರಗೆಲೆ. ತಲಕಾವೇರಿ ಕಡೆ ಏರು ಹತ್ತಿದರೆ ಕಾಡು ಕಪ್ಪುಹಸಿರು. ನಡುವೆ ಇರುವುದು 70 ಕಿ.ಮೀ. ರಸ್ತೆ, ಅಷ್ಟೇ. ಅಲ್ಲಿ ಮಳೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ, ಗೊತ್ತು. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲೂ ಹೆಚ್ಚುಕಡಿಮೆ ಮಳೆ ಇಲ್ಲ, ಇಲ್ಲೂ ಇಲ್ಲ. ಜುಲೈನ ಮಳೆಗೂ ಫೆಬ್ರವರಿಯ ಎಲೆಗೂ ಏನು ಸಂಬಂಧ?

ಕಾಡುಪಾಠ
ಸಂಬಂಧ ಮಣ್ಣಿನಲ್ಲಿದೆ. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಅಲ್ಲೇ ಸುರಿಸಿಬಿಡುತ್ತದೆ. ಮಡಿಕೇರಿ ದಾಟಿ ಇಳಿಯುವ ಹೊತ್ತಿಗೆ ಅದರಲ್ಲಿ ನೀರು ಕಡಿಮೆ. ಭಾಗಮಂಡಲ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವುದು ಮಾಮೂಲಿ, ನಿಮ್ಮೂರಲ್ಲಿ 1,000ದ ಆಸುಪಾಸು. ಆ ನೀರೆಲ್ಲ ಕಾವೇರಿಗೆ ಹೋಗುವುದಿಲ್ಲ ಅಲ್ವಾ, ಒಂದಷ್ಟು ಮಣ್ಣಲ್ಲಿ ಇಳಿದು ಬೇಸಿಗೆವರೆಗೂ ಕೂರುತ್ತದೆ. ಮೇಲೆ ಮಂಜು, ನೆರಳು, ತಂಪು, ಹಾಗಾಗಿ ಆರುವುದೂ ನಿಧಾನ. ನಿಮ್ಮ ಕಡೆ ಚಳಿಗಾಲ ಮುಗಿಯುವಷ್ಟರಲ್ಲಿ ಮಣ್ಣು ಒಣಗಿರುತ್ತದೆ, ಗಾಳಿಯೂ ಒಣ. ಮರ ನೀರು ಕಳೆದುಕೊಳ್ಳುವುದು ಎಲೆಯಿಂದಲೇ, ಅದಕ್ಕೇ ತೇಗ, ಮತ್ತಿ, ನಂದಿ ಎಲೆ ಉದುರಿಸಿ ಕೂರುತ್ತವೆ.

ಇಲ್ಲಿಂದ ಮುಂದೆ ನನಗೆ ಇಷ್ಟದ ಭಾಗ. ಎಲೆ ಉದುರಿದ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಹುಲ್ಲು ಬೆಳೆಯುತ್ತದೆ, ಹುಲ್ಲಿಗೆ ಜಿಂಕೆ, ಕಾಟಿ (ಕಾಡುಕೋಣ), ಅವುಗಳ ಹಿಂದೆ ಹುಲಿ. ನಾಗರಹೊಳೆ ಹುಲಿಗೆ ಹೆಸರಾಗಿದ್ದು ಸುಮ್ನೆ ಅಲ್ಲ. ನಿತ್ಯಹರಿದ್ವರ್ಣದ ಕಾಡಿನ ನೆಲ ಕತ್ತಲು, ಹುಲ್ಲೇ ಇಲ್ಲ, ಊಟವೆಲ್ಲ ಮೇಲಿನ ಕೊಂಬೆಗಳಲ್ಲಿ. ಸಿಂಗಳೀಕ ಅಲ್ಲಿನ ಕೋತಿ, ಅದಕ್ಕೆ ವರ್ಷವಿಡೀ ಹಣ್ಣೂ ಬೇಕು, ಮರದಿಂದ ಮರಕ್ಕೆ ಹೋಗಲು ದಾರಿಯೂ ಬೇಕು.

ತೋಟದಮನೆ
ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. ಈ ಕಡೆಯ ತೇಗ ಎಷ್ಟೋ ಕಡೆ ಬ್ರಿಟಿಷರ ಕಾಲದಿಂದ ನೆಟ್ಟಿದ್ದು, ಸಾಲು ನೋಡಿದರೇ ಗೊತ್ತಾಗುತ್ತದೆ. ಇನ್ನೊಂದು, ನೀರು ಇದ್ದಲ್ಲಿ ದೊಡ್ಡ ಕಾಡು ಅಂತಾದರೆ ತಡಿಯಂಡಮೋಳ್ ಬೆಟ್ಟದ ತುದಿಯಲ್ಲಿ ಯಾಕೆ ಬರೀ ಹುಲ್ಲು? ಅಲ್ಲಿ ಮಳೆಗೇನು ಕಡಿಮೆ?

ಬೆಟ್ಟದಾರಿ
ನೆಟ್ಟ ತೇಗದ ಮಾತು ಒಪ್ಪಿದೆ. ಆದರೆ ನೆಟ್ಟಿದ್ದು ಚೆನ್ನಾಗಿ ಬಂದಿದ್ದು ಮಳೆ ಕಡಿಮೆ ಇರುವ ಪೂರ್ವದಲ್ಲೇ ಅನ್ನೋದನ್ನೂ ನೋಡಿ.

ತಡಿಯಂಡಮೋಳ್ 1,748 ಮೀ. ಎತ್ತರ. ಮಳೆ ಇದೆ, ಆದರೆ ನೀರು ಬೆಟ್ಟದ ಏಣಿನ ಮೇಲೆ ನಿಲ್ಲುವುದಿಲ್ಲ. ಹುಲ್ಲಿನ ಇಳಿಜಾರಲ್ಲಿ ಕೋಲು ಊರಿದರೆ ಸ್ವಲ್ಪದರಲ್ಲೇ ಬಂಡೆಗೆ ತಾಗುತ್ತದೆ. ಪಕ್ಕದ ಕಣಿವೆಯ ಶೋಲಾ ಕಾಡಿಗೆ ಕಾಲಿಟ್ಟರೆ ಕಾಲು ಹುಗಿಯುವಷ್ಟು ಮೆತ್ತನೆ ಗೊಬ್ಬರ, ಗಿಡ್ಡ ಗಿಡ್ಡ ಮರಗಳು, ಕಾಂಡದ ತುಂಬ ಪಾಚಿ. ಮಣ್ಣೂ ನೀರೂ ಜಾರಿ ಬಂದು ಸೇರುವುದು ಅಲ್ಲೇ, ಗಾಳಿಯ ಹೊಡೆತವೂ ಕಡಿಮೆ. ತುದಿಯಲ್ಲಿ ಮರ ಬಾರದಿರಲು ಬೆಂಕಿ ಮತ್ತು ದನ ಮೇಯುವುದರ ಪಾಲು ಎಷ್ಟು ಅನ್ನುವುದರ ಮೇಲೆ ತಿಳಿದವರಲ್ಲೇ ಜಗಳ ಇದೆ.

ನೀರು ಜಾಸ್ತಿಯಾದರೂ ಮರ ಬರುವುದಿಲ್ಲ. ನಾಗರಹೊಳೆಯ ಹಡ್ಲುಗಳನ್ನು ನೋಡಿ: ಸುತ್ತ ಕಾಡು, ಮಧ್ಯೆ ತಗ್ಗಿನ ಜೌಗು ಬಯಲು. ಬೇರಿಗೆ ಉಸಿರು ಕಟ್ಟುವ ಮಣ್ಣು, ಹುಲ್ಲು ಮಾತ್ರ ತಾಳುತ್ತದೆ. ಬೇಸಿಗೆಯಲ್ಲೂ ಅಲ್ಲಿ ಹಸಿ ಇರುವುದರಿಂದ ಆನೆ, ಕಾಟಿ ಎಲ್ಲ ಅಲ್ಲಿಗೇ ಬರುತ್ತವೆ.

ತೋಟದಮನೆ
ಹಾಗೆ ಹೇಳಿದರೆ ಕಾಫಿಗೂ ಸರಿಹೋಗುತ್ತದೆ. ರೋಬಸ್ಟಾ ಮೊಗ್ಗಿಗೆ ಮೊದಲು ಒಣ ಬೇಕು, ಗಿಡ ಬಾಡಬೇಕು. ಆಮೇಲೆ ಫೆಬ್ರವರಿ ಮಾರ್ಚಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಹದ ತಪ್ಪಿ ಚೂರುಪಾರು ಹನಿ ಬಿದ್ದರೆ ಹೂವು ಅರೆಬರೆ ಬಿಟ್ಟು ಕಾಯಿ ಕಚ್ಚುವುದಿಲ್ಲ. ಅದಕ್ಕೇ ಸ್ಪ್ರಿಂಕ್ಲರ್ ಹಾಕುವುದು, ಅದಕ್ಕೇ ಆ ತಿಂಗಳಲ್ಲಿ ಕೆರೆ ನೀರಿಗೆ ಅಕ್ಕಪಕ್ಕದವರ ಹತ್ತಿರ ಮಾತು ಬೆಳೆಯುವುದು.

ಕುಶಾಲನಗರದವ
ಜುಲೈ ನೀರು ಫೆಬ್ರವರಿವರೆಗೆ ಮಣ್ಣಲ್ಲಿ ಕೂರುತ್ತದೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಹಡ್ಲು ನೋಡೋಕೆ ಯಾವಾಗ ಬರಬೇಕು?

ಬೆಟ್ಟದಾರಿ
ಏಪ್ರಿಲ್, ಬೆಳಗಿನ ಸಫಾರಿ. ಮಳೆಗಾಲದಲ್ಲಿ ಬಂದರೆ ಎಲ್ಲ ಕಡೆ ಹುಲ್ಲಿರುತ್ತದೆ, ಪ್ರಾಣಿಗಳು ಅಲ್ಲಿಗೇ ಬರಬೇಕು ಅಂತಿಲ್ಲ.